ಸತ್ಯಾಂಶ: ಖಡಕ್ ಅಧಿಕಾರಿ ಬಂದರೆ ಆಸ್ಪತ್ರೆಯ ಕ್ಯೂ ಮಾಯವಾಗುತ್ತದೆಯೇ?

ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿರುವ ಸಂದೇಶ ಇದು: ‘ಒಬ್ಬ ಖಡಕ್ ಅಧಿಕಾರಿ, ಒಂದು ಆದೇಶ ಸಾಕು, ಸರಕಾರಿ ಆಸ್ಪತ್ರೆಯ ಕ್ಯೂ ವಾರದಲ್ಲಿ ಮಾಯ.’ ಇದು ನಿಜವಲ್ಲ.

ಶಿಸ್ತು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೈದ್ಯರು ಬೇಗ ಬೇಗ ಚೀಟಿ ಬರೆದುಕೊಟ್ಟರೆ ಕ್ಯೂ ಕರಗುವುದಿಲ್ಲ, ರಕ್ತಪರೀಕ್ಷೆಯ ಕಿಟಕಿಗೆ ಸರಿಯುತ್ತದೆ. ರಿಪೋರ್ಟ್ ತಡವಾದರೆ ಸೋಮವಾರಪೇಟೆ ಬಸ್ಸು ಹಿಡಿಯಬೇಕಾದವರು ಅದನ್ನು ತೋರಿಸದೆಯೇ ಹೊರಡುತ್ತಾರೆ. ಮತ್ತೆ ಬಂದಾಗ ಇನ್ನೊಂದು ದಿನದ ಕೂಲಿ ಹೋಯಿತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಅಲುಗುವ ಇಂಥ ವ್ಯವಸ್ಥೆಗಳನ್ನು ಅಭ್ಯಸಿಸುವುದು ಸಂಕೀರ್ಣತಾ ವಿಜ್ಞಾನ.

ಒಂದು ಉದಾಹರಣೆ ನೋಡಿ. ಅಮೆರಿಕದ ಮಿಷಿಗನ್‌ ರಾಜ್ಯದ ಐಸಿಯುಗಳಲ್ಲಿ ಕ್ಯಾಥೆಟರ್ (ರಕ್ತನಾಳಕ್ಕೆ ಹಾಕುವ ನಳಿಕೆ) ಸೋಂಕು ಬಹಳ ಇಳಿದದ್ದನ್ನು 2006ರ ಅಧ್ಯಯನ ತೋರಿಸಿತು. ಜನ ನೆನಪಿಟ್ಟದ್ದು ನಳಿಕೆ ಹಾಕುವಾಗ ವೈದ್ಯರು ಪಾಲಿಸಬೇಕಾದ ಐದು ಅಂಶಗಳ ಪಟ್ಟಿಯನ್ನು ಮಾತ್ರ. ಕ್ರಮ ತಪ್ಪಿದ ವೈದ್ಯರನ್ನು ತಡೆಯುವ ಅಧಿಕಾರ ನರ್ಸ್‌ಗಳಿಗಿತ್ತು, ಸೋಂಕಿನ ಲೆಕ್ಕ ಆಯಾ ತಂಡಕ್ಕೇ ಸಿಗುತ್ತಿತ್ತು ಎಂಬುದು ಮರೆತೇಹೋಯಿತು. ನನ್ನ ಪ್ರಕಾರ ಮುಖ್ಯವಾದದ್ದು ಅದೇ. ಆ ಮಾದರಿಯನ್ನು ಇಂಗ್ಲೆಂಡಿಗೆ ಒಯ್ದಾಗ ಸೋಂಕು ಇಳಿಯಿತು ನಿಜ, ಆದರೆ ಯೋಜನೆಗೆ ಇನ್ನೂ ಸೇರದಿದ್ದ ಐಸಿಯುಗಳಲ್ಲೂ ಇಳಿಯುತ್ತಲೇ ಇತ್ತು. ಅಂದರೆ ಇಳಿಕೆಗೆ ಆ ಮಾದರಿಯೊಂದೇ ಕಾರಣ ಎನ್ನಲಾಗದು.

ನಮ್ಮಲ್ಲೂ ದೂರದ ಊರಿನವರ ರಕ್ತ ಮೊದಲು ತೆಗೆಯುವಂಥ ಸಣ್ಣ ಬದಲಾವಣೆಯನ್ನು ಸಿಬ್ಬಂದಿಯೇ ಕೆಲವು ವಾರ ಮಾಡಿ ನೋಡಲಿ, ಫಲ ಕಂಡರೆ ಮುಂದುವರಿಸಲಿ. ಅದಕ್ಕೆ ಮೇಲಿನವರು ಅವಕಾಶ ಕೊಡಬೇಕು.