ಮಾಲ್ಡೀವ್ಸ್‌ಗೆ ವೀಸಾ ಬೇಡ, ಇಯರ್‌ಬುಕ್ ತನ್ನಿ

ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಒಬ್ಬ ಟೀಚರಮ್ಮ ಇದ್ದಾರೆ ಅಂದುಕೊಳ್ಳಿ. ವಯಸ್ಸು 32. ಮದುವೆ ಆಗಿಲ್ಲ. ಮೂರು ವರ್ಷ ಚೀಟಿ ಹಾಕಿ ದುಡ್ಡು ಕೂಡಿಸಿದ್ದಾರೆ. ಅಲ್ಲಿ ಚೀಟಿಗೆ ಪಲುವಾಗನ್ ಅಂತಾರೆ, ವ್ಯವಹಾರವೆಲ್ಲ ನಮ್ಮದೇ. ಈ ಸಲ ರಜೆಯಲ್ಲಿ ಮಾಲ್ಡೀವ್ಸ್ ನೋಡಿಕೊಂಡು ಬರೋಣ ಅಂತ ಅವರಿಗೆ ಆಸೆ.

ವೀಸಾ ಚಿಂತೆ ಇಲ್ಲ. ಮಾಲ್ಡೀವ್ಸ್‌ನವರು ಹೆಚ್ಚುಕಮ್ಮಿ ಯಾರೇ ಬಂದಿಳಿದರೂ 30 ದಿನದ ವೀಸಾ ಪುಕ್ಕಟೆ ಕೊಡುತ್ತಾರೆ. ಪಾಸ್‌ಪೋರ್ಟ್, ವಾಪಸ್ ಟಿಕೆಟ್, ರೂಮ್ ಬುಕ್ ಮಾಡಿದ ಕಾಗದ, ಖರ್ಚಿಗೆ ದುಡ್ಡು ಇದ್ದರಾಯಿತು. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಅನ್ನೋ ಆನ್‌ಲೈನ್ ಫಾರಂ ತುಂಬಬೇಕು. ಅಷ್ಟೇ. 2009ರಲ್ಲಿ ಆಗಿನ ಅಧ್ಯಕ್ಷ ಮೊಹಮದ್ ನಶೀದ್ ತಮ್ಮ ಮಂತ್ರಿಗಳ ಬೆನ್ನಿಗೆಲ್ಲ ಸಿಲಿಂಡರ್ ಕಟ್ಟಿಸಿ, ಸಮುದ್ರದ ತಳದಲ್ಲಿ ಸಂಪುಟ ಸಭೆ ಮಾಡಿ, ನೀರೊಳಗೇ ಸಹಿ ಹಾಕಿದ್ದರು. ಭೂಮಿ ಬಿಸಿಯಾದರೆ ನಾವು ಮುಳುಗುತ್ತೇವೆ ಅಂತ ಜಗತ್ತಿಗೆ ಹೇಳೋದಕ್ಕೆ. ಕಾಗದ ನೆನೆದರೆ ಏನಾಗುತ್ತೆ ಅಂತ ಅನುಭವದಿಂದ ಬಲ್ಲ ಸರ್ಕಾರ. ಅದಕ್ಕೇ ಜಾಸ್ತಿ ಕಾಗದ ಕೇಳುವುದಿಲ್ಲ ಅಂತ ಕಾಣುತ್ತೆ.

ದೇವರು ವರ ಕೊಟ್ಟಾಯಿತು. ಪೂಜಾರಿ ಮನಿಲಾ ಏರ್‌ಪೋರ್ಟಿನಲ್ಲೇ ಕೂತಿದ್ದಾನೆ.

ಅವನ ಹತ್ತಿರ ಹೋಗುವ ಮುಂಚೆಯೂ ಸಣ್ಣಪುಟ್ಟ ಕೆಲಸಗಳಿವೆ. ಸರ್ಕಾರಿ ಶಾಲೆಯ ಟೀಚರ್ ಆದ್ದರಿಂದ, ರಜೆಯಲ್ಲಿ ಸ್ವಂತ ದುಡ್ಡಲ್ಲಿ ಹೋದರೂ ಇಲಾಖೆಯಿಂದ ಟ್ರಾವೆಲ್ ಅಥಾರಿಟಿ ಅನ್ನೋ ಅನುಮತಿ ಪತ್ರ ಬೇಕು. ಇ-ಟ್ರಾವೆಲ್ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ಹೆಸರು ಬರೆಸಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಬೇಕು. ಆಮೇಲೆ ಟ್ರಾವೆಲ್ ಟ್ಯಾಕ್ಸ್, ಎಕಾನಮಿ ಕ್ಲಾಸಿಗೆ 1,620 ಪೆಸೊ. ಊರು ಬಿಟ್ಟು ಹೋಗುತ್ತಿರುವುದಕ್ಕೆ ಕಟ್ಟುವ ತೆರಿಗೆ ಇದು. ಇದರ ಅರ್ಧ ಪ್ರವಾಸೋದ್ಯಮಕ್ಕೆ, ಶೇ 40 ಉನ್ನತ ಶಿಕ್ಷಣಕ್ಕೆ, ಉಳಿದಿದ್ದು ಸಂಸ್ಕೃತಿಗೆ ಹೋಗುತ್ತದೆ. ಉನ್ನತ ಶಿಕ್ಷಣದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಈಗ ಇಮಿಗ್ರೇಷನ್ ಕೌಂಟರ್.

'ಎಲ್ಲಿಗೆ ಮ್ಯಾಮ್?'

'ಮಾಲ್ಡೀವ್ಸ್‌ಗೆ ಸರ್.'

'ಯಾಕೆ?'

'ಸಮುದ್ರ ನೋಡೋಕೆ.'

'ಇಲ್ಲಿಲ್ವಾ ಸಮುದ್ರ?'

ಈ ಪ್ರಶ್ನೆಯಲ್ಲಿ ನ್ಯಾಯ ಇದೆ, ಒಪ್ಪಬೇಕು. ಫಿಲಿಪ್ಪೀನ್ಸ್‌ನಲ್ಲಿ 7,641 ದ್ವೀಪಗಳಿವೆ. ಮಾಲ್ಡೀವ್ಸ್‌ನಲ್ಲಿ ಇರೋದು ಸುಮಾರು 1,200. ಆರು ಪಟ್ಟು ಸಮುದ್ರ ಮನೇಲೇ ಇಟ್ಟುಕೊಂಡು ಪಕ್ಕದ ಮನೆ ಸಮುದ್ರ ನೋಡೋಕೆ ಹೋಗುತ್ತೇನೆ ಅಂದರೆ ಯಾರಿಗಾದರೂ ಅನುಮಾನ ಬರುತ್ತೆ. ಹಾಗೆ ನೋಡಿದರೆ ಮಂಗಳೂರಿನವರು ಗೋವಾಗೆ ಹೋಗೋದೂ ಅಪರಾಧವೇ.

'ಒಬ್ಬರೇನಾ?'

'ಹೌದು ಸರ್.'

'ಒಬ್ಬರೇ ಯಾಕೆ?'

ಜೊತೆಗೆ ಒಬ್ಬ ಗಂಡಸು ಇದ್ದಿದ್ದರೆ 'ಇವರು ಯಾರು, ಎಷ್ಟು ದಿನದ ಪರಿಚಯ' ಅನ್ನೋ ಪ್ರಶ್ನೆ ಬರುತ್ತಿತ್ತು. ಸಂಬಳ ಎಷ್ಟು ಅಂತ ಕೇಳುತ್ತಾರೆ. ಕಮ್ಮಿ ಅಂದರೆ ಇಷ್ಟರಲ್ಲಿ ಹೇಗೆ ಹೋಗುತ್ತೀರಿ ಅಂತಾರೆ. ಜಾಸ್ತಿ ಅಂದರೆ ಟೀಚರಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು ಅಂತಾರೆ. ಸಮಾಧಾನ ಆಗದಿದ್ದರೆ ಪಕ್ಕದ ಕೋಣೆಗೆ ಕಳಿಸಿ ಮತ್ತೊಂದು ಸುತ್ತು ವಿಚಾರಣೆ. ಅಷ್ಟರಲ್ಲಿ ವಿಮಾನ ಹೋಗಿರುತ್ತದೆ. ಟಿಕೆಟ್ ದುಡ್ಡು ನೀರಲ್ಲಿ ಹೋಮ. ಇದಕ್ಕೆ ಅಲ್ಲಿ ಜನ ಇಟ್ಟಿರುವ ಹೆಸರು 'ಆಫ್‌ಲೋಡ್'. ಲಾರಿಯಿಂದ ಮೂಟೆ ಇಳಿಸುತ್ತಾರಲ್ಲ, ಅದೇ ಪದ. ಸರ್ಕಾರಿ ಕಾಗದದಲ್ಲಿ ಮಾತ್ರ 'ನಿರ್ಗಮನ ಮುಂದೂಡಲಾಗಿದೆ' ಅಂತ ಬರೆಯುತ್ತಾರೆ. ಮೂಟೆಗೂ ಮರ್ಯಾದೆ ಇರಲಿ ಅಂತ.

ತಲೆಬರಹದ ಇಯರ್‌ಬುಕ್, ಅಂದರೆ ಆ ವರ್ಷ ಓದು ಮುಗಿಸಿದವರ ಫೋಟೊ ಹಾಕಿ ಕಾಲೇಜು ತರುವ ಪುಸ್ತಕ, ಅದರ ವಿಷಯ ನಾನು ಹುಟ್ಟಿಸಿದ ಜೋಕಲ್ಲ. 2022ರ ಡಿಸೆಂಬರಿನಲ್ಲಿ ಇಸ್ರೇಲಿಗೆ ಹೊರಟಿದ್ದ ಒಬ್ಬ ಫಿಲಿಪ್ಪೀನ್ ಯುವತಿಯನ್ನು ಇದೇ ಮನಿಲಾ ಏರ್‌ಪೋರ್ಟಿನಲ್ಲಿ ಅಧಿಕಾರಿ ಕೇಳಿದ್ದು ಅದನ್ನೇ. ಇಯರ್‌ಬುಕ್ ತಂದಿದ್ದೀರಾ? ಇಲ್ಲಾಂದ್ರೆ ಗ್ರ್ಯಾಜುಯೇಷನ್ ಫೋಟೊ ಆದರೂ ಇದೆಯಾ? ಅವರ ವಿಮಾನ ತಪ್ಪಿತು. 2023ರ ಮಾರ್ಚ್‌ನಲ್ಲಿ ಅವರ ವಿಡಿಯೊ ದೇಶವೆಲ್ಲ ಓಡಾಡಿತು, ಇಮಿಗ್ರೇಷನ್ ಬ್ಯೂರೊ ಕ್ಷಮೆ ಕೇಳಿತು. ಈಗ ಹೇಳಿ, ಟ್ರಾವೆಲ್ ಟ್ಯಾಕ್ಸಿನ ಶೇ 40 ಉನ್ನತ ಶಿಕ್ಷಣಕ್ಕೆ ಹೋಗುತ್ತೆ ಅಂದೆನಲ್ಲ, ಅದು ಸದುಪಯೋಗ ಆಗಿದೆಯಾ ಅಂತ ನೋಡೋದಕ್ಕೆ ಇನ್ನೊಂದು ದಾರಿ ಇದೆಯಾ?

ಜನ ಸಿಟ್ಟಾದರು. ಸರ್ಕಾರಕ್ಕೂ ಇದು ಸರಿಯಲ್ಲ ಅನ್ನಿಸಿರಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ನಿಯಮ ತಂದರು. ಬಾಯಿಗೆ ಬಂದದ್ದು ಕೇಳೋದಕ್ಕಿಂತ ಪಟ್ಟಿ ಮಾಡಿಯೇ ಕೇಳೋಣ ಅಂತ. ಸ್ವಂತ ದುಡ್ಡಿನಲ್ಲಿ ಹೋಗುವವರು ಟಿಕೆಟ್, ಹೋಟೆಲ್ ಜೊತೆಗೆ ಆದಾಯಕ್ಕೆ, ಕೆಲಸಕ್ಕೆ ಪುರಾವೆ ತರಬೇಕು. ನೆಂಟರು ಖರ್ಚು ನೋಡಿಕೊಳ್ಳುತ್ತಾರೆ ಅಂದರೆ ಆ ನೆಂಟಸ್ತಿಕೆ ನಾಲ್ಕನೇ ಮೆಟ್ಟಿಲೊಳಗೆ ಇರಬೇಕು, ಜನನ ಪತ್ರ ತೋರಿಸಿ ಸಾಬೀತು ಮಾಡಬೇಕು. ಲೆಕ್ಕ ಹಾಕಿ ನೋಡಿ. ಅಪ್ಪ ಒಂದು, ಅಜ್ಜ ಎರಡು, ದೊಡ್ಡಪ್ಪ ಮೂರು. ದೊಡ್ಡಪ್ಪನ ಮಗ ನಾಲ್ಕನೇ ಮೆಟ್ಟಿಲು, ಪಾಸು. ಅವನ ಮಗ ಐದನೇ ಮೆಟ್ಟಿಲು, ಫೇಲು. ನಮ್ಮ ಕಡೆ ಮದುವೆ ಮನೆಯಲ್ಲಿ 'ನೀವು ಯಾರ ಕಡೆಯವರು' ಅಂತ ಕೇಳುವ ಅಜ್ಜಿಯರನ್ನು ಕರೆದುಕೊಂಡು ಹೋಗಿ ಕೌಂಟರಿನಲ್ಲಿ ಕೂರಿಸಿದ್ದರೆ ಎರಡೇ ನಿಮಿಷದಲ್ಲಿ ಕೆಲಸ ಆಗಿರೋದು. ಸೆಪ್ಟೆಂಬರ್ 3ರಿಂದ ಜಾರಿ ಅಂದಿದ್ದ ಈ ನಿಯಮದ ಮೇಲೆ ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್ ಮುಗಿಬಿದ್ದಿತು. ಆಗಸ್ಟ್ 31ಕ್ಕೆ ನ್ಯಾಯ ಇಲಾಖೆ ತಡೆಹಿಡಿಯಿತು. ಹೊಸ ನಿಯಮ ಹೋಯಿತು, ಅಷ್ಟೇ. ಕೌಂಟರು, ಪಕ್ಕದ ಕೋಣೆ ಎರಡೂ ಇದ್ದಲ್ಲೇ ಇವೆ.

ಇದೆಲ್ಲ ಯಾಕೆ ಅಂದರೆ ಮಾನವ ಕಳ್ಳಸಾಗಣೆ ತಡೆಯೋದಕ್ಕೆ. ಆ ಪಿಡುಗು ನಿಜ, ಅದರ ಬಗ್ಗೆ ನಗೋದಕ್ಕೆ ನನಗೆ ಮನಸ್ಸಿಲ್ಲ. ಥಾಯ್ಲೆಂಡಿನಲ್ಲಿ ಒಳ್ಳೇ ಕೆಲಸ ಅಂತ ಫಿಲಿಪ್ಪೀನ್ಸ್ ಜನರನ್ನು ಕರೆದುಕೊಂಡು ಹೋಗಿ ಮ್ಯಾನ್ಮಾರ್‌ನಲ್ಲಿ ಆನ್‌ಲೈನ್ ಮೋಸದ ಅಡ್ಡೆಗಳಿಗೆ ತಳ್ಳಿದ್ದಾರೆ. ಹೋದವರು ಪ್ರವಾಸಿಗಳ ಹೆಸರಲ್ಲೇ ಹೋಗಿದ್ದು. ಆದರೆ ಅಂಥವರ ಫೈಲನ್ನು ಏಜೆಂಟ್ ಎಷ್ಟು ಚಂದ ಮಾಡಿಕೊಟ್ಟಿರುತ್ತಾನೆ ಗೊತ್ತಾ? ಹೋಟೆಲ್, ವಾಪಸ್ ಟಿಕೆಟ್, ಉತ್ತರಗಳು ಬಾಯಿಪಾಠ. ತಡವರಿಸುವುದು ನಮ್ಮ ಟೀಚರಮ್ಮನಂಥವರು. ಮೊದಲ ಸಲ ವಿಮಾನ ಹತ್ತುವ ಖುಷಿಯಲ್ಲಿ ಹೋಟೆಲಿನ ಹೆಸರೇ ಮರೆತುಹೋಗಿರುತ್ತೆ. 2022ರಲ್ಲಿ ಹೀಗೆ ಇಳಿಸಿದ್ದು 32,404 ಜನರನ್ನು. ಅವರಲ್ಲಿ ಕಳ್ಳಸಾಗಣೆಗೋ ಮೋಸದ ನೇಮಕಾತಿಗೋ ಸಿಕ್ಕಿದ್ದವರು ಅಂತ ಗೊತ್ತಾಗಿದ್ದು 472 ಮಂದಿ. ನೂರಕ್ಕೆ ಒಂದೂವರೆ. ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತು ಅಂತ ಮೊರದಲ್ಲಿದ್ದ ಅಕ್ಕಿಯನ್ನೆಲ್ಲ ಚೆಲ್ಲೋರನ್ನು ನೀವು ನೋಡಿದ್ದೀರಾ? ನಾನಂತೂ ಇಲ್ಲ.

ಅದೇ ಏರ್‌ಪೋರ್ಟಿನ ಇನ್ನೊಂದು ಬಾಗಿಲು, ಒಳಗೆ ಬರೋದು, ಒಂದು ಕಾಲದಲ್ಲಿ ಬಹಳ ಸಿಹಿಯಾಗಿತ್ತು. ಪಾಸ್ತಿಲ್ಯಾಸ್ ಅಂತ ಅಲ್ಲಿ ಎಮ್ಮೆ ಹಾಲಿನ ತಿಂಡಿ ಇದೆ, ನಮ್ಮ ಪೇಡದ ದಾಯಾದಿ, ಕಾಗದದಲ್ಲಿ ಸುರುಳಿ ಸುತ್ತಿ ಮಾರುತ್ತಾರೆ. ಚೀನಾದಿಂದ ಬರುವ ಕೆಲವರ ಪರವಾಗಿ ತಲೆಗೆ 10,000 ಪೆಸೊ ಲಂಚ, ಅದರಲ್ಲಿ ಅಧಿಕಾರಿಗಳ ಪಾಲನ್ನು ಥೇಟ್ ಹಾಗೇ ಕಾಗದದಲ್ಲಿ ಸುತ್ತಿ ಹಂಚುತ್ತಿದ್ದರು ಅಂತ 2020ರಲ್ಲಿ ಸೆನೆಟ್ ವಿಚಾರಣೆಯಲ್ಲಿ ಹೊರಬಂತು. ಹತ್ತಾರು ಜನ ಕೆಲಸ ಕಳೆದುಕೊಂಡರು. ಆ ಬಾಗಿಲಲ್ಲಿ ಇಯರ್‌ಬುಕ್ ಕೇಳಿದ್ದು ಎಲ್ಲೂ ದಾಖಲಾಗಿಲ್ಲ.

ನಾವು ಜಾಸ್ತಿ ನಗೋ ಹಾಗೂ ಇಲ್ಲ ಬಿಡಿ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ನಮ್ಮಲ್ಲಿ ಇಸಿಆರ್, ಅಂದರೆ 'ವಲಸೆ ತಪಾಸಣೆ ಅಗತ್ಯ'. ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಬೇರೆ ಅನುಮತಿ ಬೇಕು. ಮಂಗಳೂರು, ಭಟ್ಕಳದ ಎಷ್ಟೋ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬೀರುವಿನಲ್ಲಿ ಭದ್ರವಾಗಿ ಇರೋದು ಓದಿನ ಮೇಲಿನ ಪ್ರೀತಿಗಲ್ಲ. ಅಂದಹಾಗೆ 2025ರ ಜೂನ್‌ನಿಂದ ನಮ್ಮವರು ವೀಸಾ ಇಲ್ಲದೆ 14 ದಿನ ಫಿಲಿಪ್ಪೀನ್ಸ್ ಸುತ್ತಬಹುದು. ನಮಗೆ ಮನಿಲಾಕ್ಕೆ ಬರೋದು ಸಲೀಸು. ಮನಿಲಾದವರಿಗೆ ಮನಿಲಾ ಬಿಡೋದು ಕಷ್ಟ.

ಟೀಚರಮ್ಮ ಮೊದಲ ಸಲ ಇಳಿಸಿಕೊಂಡು ಬಂದರು. ಎರಡನೇ ಸಲಕ್ಕೆ ತಯಾರಾಗಿ ಹೊರಟಿದ್ದಾರೆ. ಕೈಚೀಲಕ್ಕೆ 7 ಕೆಜಿ ಮಿತಿ. ದಪ್ಪ ರಟ್ಟಿನ ಇಯರ್‌ಬುಕ್ ಇಡಬೇಕಾದ್ದರಿಂದ ಚಪ್ಪಲಿ, ಟವೆಲ್ಲು, ಕೊನೆಗೆ ಈಜುಡುಗೆಯನ್ನೂ ತೆಗೆದಿಟ್ಟಿದ್ದಾರೆ. ಮಾಲ್ಡೀವ್ಸ್‌ನಲ್ಲಿ ದಡದಲ್ಲಿ ನಿಂತು ಸಮುದ್ರ ನೋಡಿದರಾಯಿತು.

ಅಧಿಕಾರಿ ಪುಸ್ತಕ ತೆರೆದರು. ಫೋಟೊ ನೋಡಿದರು. ಟೀಚರಮ್ಮನ ಮುಖ ನೋಡಿದರು. ಹತ್ತು ವರ್ಷದ ಹಿಂದಿನ ಫೋಟೊ, ಆಗ ಉದ್ದ ಜಡೆ, ಈಗ ಬಾಬ್ ಕಟ್.

'ಇದರಲ್ಲಿರೋದು ನೀವೇ ಅನ್ನೋದಕ್ಕೆ ದಾಖಲೆ ಏನಿದೆ?'

ಟೀಚರಮ್ಮ ಪಾಸ್‌ಪೋರ್ಟ್ ಮುಂದೆ ಹಿಡಿದರು.

'ಇದಿರಲಿ ಮ್ಯಾಮ್. ಬೇರೆ ಏನಾದ್ರೂ ಇದೆಯಾ?'