ಲೈಟ್ ಆರ್ತಿಲ್ಲ ಅಂದ್ರೆ ಬ್ಯಾಟ್ರಿ ಬದಲಿಸೋದಾ?

ಬಾಗಿಲು ಹಾಕಿದ್ರೂ ಗಾಡಿ ಒಳಗಿನ ಲೈಟ್ ಆರ್ತಿಲ್ಲ, ನೋಡಿ ಅಂತ ಬಾಯಿಬಿಟ್ಟು ಹೇಳಿದೀನಿ. ಆದ್ರೂ ಬ್ಯಾಟ್ರಿ ಬದಲಿಸಿ ಕಳಿಸ್ತಾರಲ್ಲ, ಈ ಗ್ಯಾರೇಜಿನವರಿಗೇನು ಹೇಳ್ಬೇಕು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!

ನಮ್ದು ಏಳು ಸೀಟಿನ ಹಳೇ ವ್ಯಾನ್. ಜಗಳೂರು, ಹೊಳಲ್ಕೆರೆ ಅಂತ ಧೂಳಲ್ಲೇ ದುಡಿದಿದೆ. ಮಳೆ ಶುರುವಾದಾಗಿಂದ ನಾವು ಮಲಗಿದ ಮೇಲೆ ಲೈಟ್ ತಾನೇ ಹತ್ತುತ್ತೆ, ಲಾಕ್ ಹಾಕಿದ್ರೆ ಟಕ್ ಅಂತ ವಾಪಸ್ ತೆರ್ಕೊಳ್ಳುತ್ತೆ. ಅತ್ತೆಯವರನ್ನ ಡಯಾಲಿಸಿಸ್‌ಗೆ ಕರ್ಕೊಂಡು ಬೆಳಕು ಹರಿಯೋ ಮುಂಚೆ ಹೊರಡಬೇಕು. ಕೀ ತಿರುಗಿಸಿದ್ರೆ ಬರೀ ಕಟಕಟ. ಆ ಹೊತ್ತಲ್ಲಿ, ಮಳೇಲಿ, ನಿಲ್ಲೋಕೂ ಆಗದ ಹಿರಿಯರನ್ನ ಗೇಟ್ ಹತ್ರ ಕುರ್ಚಿ ಹಾಕಿ ಕೂರಿಸಿ ನಾನು ಆಟೋ ಹುಡುಕಿದೀನಿ ರೀ.

ಪಿ.ಬಿ. ರಸ್ತೆ ಕಡೆಯ ಗ್ಯಾರೇಜಿಗೆ ಒಯ್ದೆ. "ಬ್ಯಾಟ್ರಿ ಹೋಗೈತ್ರಿ ಅಕ್ಕಾರೆ" ಅಂತ ಹೊಸದು ಹಾಕಿ, ಹಳೇದನ್ನ ಎಕ್ಸ್‌ಚೇಂಜ್‌ಗೆ ಇಟ್ಕೊಂಡ್ರು. ವಾರದೊಳಗೆ ಹೊಸದೂ ಮಲಗ್ತು. ಮತ್ತೆ ಹೋದೆ. "ಹಳೇ ಗಾಡಿ, ವೈರಿಂಗ್ ಪೂರ್ತಿ ಬಿಚ್ಚಬೇಕು, ಸಾಹೇಬ್ರನ್ನ ಕಳ್ಸ್ರಿ, ಮಾತಾಡ್ತೀವಿ." ಸಾಹೇಬ್ರು ಯಾಕೆ? ಓಡಿಸೋದು ನಾನು, ದುಡ್ಡು ಕೊಟ್ಟಿದ್ದು ನಾನು. ಅಲ್ಲಿವರೆಗೆ ಲೈಟ್ ಆಫ್ ಮಾಡಿಡ್ರಿ ಅಂತ ಬೇರೆ! ಆಫ್ ಮಾಡಿದ್ರೆ ಲಾಕ್ ನಿಲ್ಲುತ್ತಾ? ಕತ್ತಲಲ್ಲಿ ಅತ್ತೆ ಕಾಲಿಗೆ ಮೆಟ್ಟಿಲು ಹೇಗೆ ಸಿಗ್ಬೇಕು?

ಕೊನೆಗೆ ಹರಿಹರದ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ನೋಡಿದ್ರು. ಬಾನೆಟ್ ಮುಟ್ಟಲೇ ಇಲ್ಲ. ಇಂಥ ಗಾಡೀಲಿ ಬಲ್ಬಿಗೆ ಪ್ಲಸ್ ಯಾವಾಗ್ಲೂ ಇರುತ್ತಂತೆ. ಬಾಗಿಲು ತೆಗೆದಾಗ ಚೌಕಟ್ಟಿನ ಪುಟ್ಟ ಸ್ವಿಚ್ ಹೊರಗೆ ಬಂದು ಬಾಡಿ ಅರ್ತಿಂಗ್ ಕೊಡುತ್ತೆ, ಅಂದ್ರೆ ಗಾಡಿಯ ಲೋಹದ ಮೈ ಮೂಲಕ ಬ್ಯಾಟ್ರಿಯ ಮೈನಸ್‌ಗೆ ದಾರಿ ಸಿಗುತ್ತೆ, ಲೈಟ್ ಹತ್ತುತ್ತೆ. ಹಾಕಿದಾಗ ಒತ್ತಿಕೊಂಡು ಅರ್ತಿಂಗ್ ಕಡಿಯುತ್ತೆ. ಸ್ವಿಚ್ಚಿನ ರಬ್ಬರ್ ಹರಿದು ಕೆಸರು, ನೀರು ಸೇರಿದ್ರೆ ಬಾಗಿಲು ಹಾಕಿದ್ರೂ ಅರ್ತಿಂಗ್ ಸಿಗ್ತಾನೇ ಇರುತ್ತೆ, ಗಾಡಿ ಬಾಗಿಲು ತೆಗೆದಿದೆ ಅಂತಲೇ ತಿಳ್ಕೊಳ್ಳುತ್ತೆ. ಅವರು ಒಂದೊಂದೇ ಸ್ವಿಚ್ಚಿನ ವೈರ್ ಕಳಚಿ ನೋಡ್ತಾ ಬಂದ್ರು. ಡಿಕ್ಕಿ ಬಾಗಿಲಿನದು ಕಳಚಿದ ತಕ್ಷಣ ಲೈಟ್ ಆರಿತು. ಒಳಗೆಲ್ಲ ಕಿಲುಬು. ಹೊಸ ಸ್ವಿಚ್ ಇನ್ನೂರು ರೂಪಾಯಿನೂ ಆಗ್ಲಿಲ್ಲ. ಈಗ ಲಾಕೂ ನಿಲ್ಲುತ್ತೆ.

10 ವ್ಯಾಟಿನ ಬಲ್ಬ್ 12 ವೋಲ್ಟಲ್ಲಿ ಸುಮಾರು 0.8 ಆಂಪಿಯರ್ ಎಳೆಯುತ್ತೆ. ಗಾಡಿ ನಿಂತಲ್ಲೇ ಎರಡು ದಿನ ಉರಿದ್ರೆ ಹೊಸ ಬ್ಯಾಟ್ರಿನೂ ಮಲಗಿಬಿಡಬಹುದು. ಈ ಲೆಕ್ಕ ಗ್ಯಾರೇಜ್ ಇಟ್ಟವರಿಗೆ ಗೊತ್ತಿರಬೇಡ್ವಾ? ನನ್ನ ಹಳೇ ಬ್ಯಾಟ್ರಿಯನ್ನ ಚಾರ್ಜಿಗೆ ಹಾಕಿ ನೋಡಲೂ ಇಲ್ಲ, ಒಂದು ಸಲ ಮೀಟರ್ ಹಿಡೀಲಿಲ್ಲ. ಗೊತ್ತಾಗ್ಲಿಲ್ಲ ಅಂದಿದ್ರೆ ಬೇರೆ ಕಡೆ ಹೋಗ್ತಿದ್ದೆ, ಸಿಟ್ಟೂ ಬರ್ತಿರ್ಲಿಲ್ಲ.

ಬಿಲ್ ನನ್ನ ಹತ್ರ ಇದೆ. ಬ್ಯಾಟ್ರಿ ದುಡ್ಡು ವಾಪಸ್ ಕೊಡ್ಲಿ, ಇಲ್ಲಾಂದ್ರೆ ನನ್ನ ಹಳೇ ಬ್ಯಾಟ್ರಿ ಎಲ್ಲಿ ಹೋಯ್ತು ಅಂತ ನನಗೇ ಮುಖ ಕೊಟ್ಟು ಹೇಳ್ಲಿ.