ಬಸ್ಸಿನ ಹೊಟ್ಟೆಯೊಳಗೊಂದು ಕಾರು

ಹಳೇ ಬಸ್ಸನ್ನು ಮನೆ ಮಾಡಿಕೊಂಡು ಊರೂರು ಸುತ್ತುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟಿಯೇ ಹುಟ್ಟುತ್ತದೆ. ಬಸ್ಸೊಳಗೇ ಒಂದು ಪುಟ್ಟ ಕಾರು ಇದ್ದಿದ್ದರೆ! ಆಸೆಯಲ್ಲಿ ತಪ್ಪೇನಿಲ್ಲ. 11–12 ಮೀಟರ್ ಉದ್ದದ ಮನೆಯನ್ನು ಒಂದು ಕಡೆ ನಿಲ್ಲಿಸಿ, ಮಟ್ಟ ನೋಡಿ ಚಕ್ರಕ್ಕೆ ಕಟ್ಟೆ ಕೊಟ್ಟು, ನೀರಿನ ಪೈಪು, ಕರೆಂಟಿನ ವೈರು ಎಲ್ಲ ಜೋಡಿಸಿ ಆಗಿರುತ್ತದೆ. ಆಮೇಲೆ ಯಾವುದೋ ಸಣ್ಣ ಕೆಲಸಕ್ಕೆ ಅಂತ ಅದನ್ನೆಲ್ಲ ಬಿಚ್ಚಿ, ಮನೆಯನ್ನೇ ಓಡಿಸಿಕೊಂಡು ಹೋಗೋದು ಯಾರಿಗೆ ಬೇಕು?

ಕಾರನ್ನು ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದಲ್ವಾ ಅಂತ ಕೇಳುತ್ತೀರಿ. ಹೋಗಬಹುದು. ಹೆಚ್ಚಿನವರು ಮಾಡುವುದೂ ಅದನ್ನೇ. ಆದರೆ ಕಾರಿನ ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯುವಾಗ ರಿವರ್ಸ್ ಅನ್ನುವುದನ್ನು ಮರೆತುಬಿಡಬೇಕು. ನಾಲ್ಕಡಿ ಹಿಂದೆ ಹೋಗುವಷ್ಟರಲ್ಲಿ ಕಾರಿನ ಮುಂದಿನ ಚಕ್ರ ಅಡ್ಡ ತಿರುಗಿರುತ್ತದೆ. ಮುಂದೆ ದಾರಿಯಿಲ್ಲದ ಓಣಿಗೆ ನುಗ್ಗಿದರೆ ಕೆಳಗಿಳಿದು, ಕಾರು ಬಿಚ್ಚಿ, ಬಸ್ಸು ಹಿಂದೆ ತೆಗೆದು, ಮತ್ತೆ ಕಟ್ಟಬೇಕು. ಮಳೆಯಲ್ಲಿ ಇದನ್ನು ಮಾಡುತ್ತಿರುವವರನ್ನು ನೋಡಿದರೆ ಸಾಕು, ಕಾರು ಒಳಗೇ ಇರಲಿ ಅನ್ನಿಸುತ್ತದೆ.

ನನ್ನ ತಕರಾರು ಆಸೆಯ ಬಗ್ಗೆ ಅಲ್ಲ, ಮಾಡುವ ಕ್ರಮದ ಬಗ್ಗೆ. ಮೊದಲು ಬಸ್ಸು ತರುತ್ತಾರೆ. ಅಡುಗೆಮನೆ, ಬಚ್ಚಲು, ಮಂಚ ಎಲ್ಲ ಕೂರಿಸುತ್ತಾರೆ. ಹಿಂದೆ ಒಂದಿಷ್ಟು ಜಾಗ ಬಿಟ್ಟು, ಇಷ್ಟರಲ್ಲಿ ಹಿಡಿಯುವ ಕಾರು ಯಾವುದಿದೆ ಅಂತ ಹುಡುಕಲು ಹೊರಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಅಂಥ ಕಾರು ಸಿಗುವುದಿಲ್ಲ. ಸಿಗದಿದ್ದಾಗ "ಬಿಡಿ, ನಾವೇ ಒಂದು ಕಟ್ಟೋಣ" ಅಂತ ವೆಲ್ಡಿಂಗ್ ಮಷೀನು ಹೊರಗೆ ಬರುತ್ತದೆ. ನಾನು ಹೇಳುವುದು ಇಷ್ಟೇ: ಕಾರನ್ನು ಮೊದಲು ಗೊತ್ತುಮಾಡಿಕೊಳ್ಳಿ. ಅದರ ಸುತ್ತ ಬಸ್ಸು ಮಾಡಿ. ಕಟ್ಟುವ ಮಾತು ಎಲ್ಲಕ್ಕಿಂತ ಕೊನೆಗೆ ಇರಲಿ.

ಎಲ್ಲರೂ ಮೊದಲು ನೋಡುವುದು ಉದ್ದ. ಚಿಕ್ಕ ಕಾರು ಅಂದರೆ ಉದ್ದ ಕಡಿಮೆ ಇರುವ ಕಾರು ಅಂತ ತಲೆಯಲ್ಲಿ ಕೂತಿದೆ. ಉದ್ದ ಮುಖ್ಯ ನಿಜ, ಆದರೆ ಜುಟ್ಟು ಹಿಡಿಯುವುದು ಎತ್ತರ. ಅಮೆರಿಕದ ಸ್ಕೂಲ್ ಬಸ್ಸನ್ನೇ ತೆಗೆದುಕೊಳ್ಳಿ. ಅದರ ಒಳಗೆ ಅಗಲ ಸುಮಾರು 2.3 ಮೀಟರ್, ಎತ್ತರ 1.8ರಿಂದ 2 ಮೀಟರ್ ಒಳಗೆ. ಇದರಲ್ಲಿ ಎರಡೂವರೆ ಮೀಟರ್ ಉದ್ದವನ್ನು ಕಾರಿಗೆ ಕೊಟ್ಟರೆ ಒಂದು ಮಲಗುವ ಕೋಣೆಯೇ ಹೋಯಿತು. ಅದನ್ನು ವಾಪಸ್ ಪಡೆಯಲು ಇರುವ ದಾರಿ ಒಂದೇ, ಮಂಚವನ್ನು ಕಾರಿನ ಮೇಲೆ ಹಾಕುವುದು. ಈಗ ಲೆಕ್ಕ ಹಾಕಿ. ಒಳಗಿನ ಎತ್ತರ 1.98 ಮೀಟರ್ ಇದೆ ಅಂತಲೇ ಇಟ್ಟುಕೊಳ್ಳಿ. 1.52 ಮೀಟರ್ ಎತ್ತರದ ಸಿಟ್ರೊಯೆನ್ ಅಮಿ ಅನ್ನುವ ಕರೆಂಟಿನ ಪುಟ್ಟ ಕಾರನ್ನು ನಿಲ್ಲಿಸಿದರೆ ಮೇಲೆ ಉಳಿಯುವುದು 46 ಸೆಂ.ಮೀ. ಹಲಗೆ, ಹಾಸಿಗೆಗೆ 15 ಸೆಂ.ಮೀ. ಕಳೆಯಿರಿ. ಉಳಿದ ಜಾಗದಲ್ಲಿ ಮಗ್ಗುಲು ಬದಲಾಯಿಸಲೂ ಆಗುವುದಿಲ್ಲ. ಆಗ ಮಂಚವನ್ನು ಮೇಲೆ ಕೆಳಗೆ ಹೋಗುವ ಹಾಗೆ ಮಾಡಬೇಕು. ಕಾರು ಹೊರಗಿದ್ದಾಗ ಕೆಳಗೆ, ಒಳಗಿದ್ದಾಗ ಮೇಲೆ. ಒಳ್ಳೆಯ ಉಪಾಯವೇ. ಆದರೆ ರಾತ್ರಿ ಎಲ್ಲೋ ರಸ್ತೆ ಬದಿ ನಿಲ್ಲಿಸಿದರೆ ಮಲಗಲಿಕ್ಕೆ ಮೊದಲು ಕಾರು ಇಳಿಸಬೇಕು, ಅದನ್ನು ನೆನಪಿಡಿ.

ಇನ್ನು ಬಾಗಿಲು. ಸ್ಕೂಲ್ ಬಸ್ಸಿಗೆ ಹಿಂದೊಂದು ಬಾಗಿಲು ಹೇಗೂ ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಅಲ್ಲಿನ ನಿಯಮ ಆ ತುರ್ತು ಬಾಗಿಲಿಗೆ ಕೇಳುವ ಕನಿಷ್ಠ ಅಳತೆ 61 ಸೆಂ.ಮೀ. ಅಗಲ, 114.5 ಸೆಂ.ಮೀ. ಎತ್ತರ. ಮಾರಾಟಕ್ಕೆ ಅಂತ ತಯಾರಾದ ಕಾರುಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು ಅಂತ ಗಿನ್ನೆಸ್ ದಾಖಲೆಗೆ ಸೇರಿರುವ ಪೀಲ್ ಪಿ50 ಕೂಡ 99 ಸೆಂ.ಮೀ. ಅಗಲ ಇದೆ! ಅಂದರೆ ಹಿಂದಿನ ಗೋಡೆ ಕತ್ತರಿಸಲೇಬೇಕು. ಆ ಗೋಡೆ ಸುಮ್ನೆ ತಗಡಲ್ಲ. ಚಾವಣಿಯ ಕಮಾನು ಮತ್ತು ಎರಡು ಪಕ್ಕಗಳನ್ನು ಹಿಡಿದಿಡುವ ಕಟ್ಟು ಅದು. ಕತ್ತರಿಸಿದ ಕಡೆ ದಪ್ಪ ಚೌಕ ಪೈಪಿನ ಚೌಕಟ್ಟು ಕೂರಿಸದಿದ್ದರೆ ಬಸ್ಸಿನ ಹಿಂಭಾಗ ಬರುಬರುತ್ತಾ ನುಲಿಯುತ್ತದೆ. ಎಂಜಿನ್ ಹಿಂದಿರುವ ಬಸ್ಸಾದರೆ ಈ ಮಾತೇ ಬೇಡ, ಬಾಗಿಲು ಇರಬೇಕಾದ ಕಡೆ ಎಂಜಿನ್ನೇ ಕೂತಿರುತ್ತದೆ. ಅದಕ್ಕೇ ಬಸ್ಸು ಕೊಳ್ಳುವ ಮುಂಚೆ ಕಾರಿನ ಯೋಚನೆ ಮಾಡಿ ಅಂದಿದ್ದು.

ಸರಿ, ಯಾವ ಕಾರು?

ಪೀಲ್ ಪಿ50 ಬಗ್ಗೆ ಎಲ್ಲರಿಗೂ ಮೋಹ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1962ರಿಂದ 1965ರವರೆಗೆ ತಯಾರಾದ ಮೂರು ಚಕ್ರದ ಕಾರು. 1.37 ಮೀಟರ್ ಉದ್ದ, 60 ಕೆಜಿಗೂ ಕಡಿಮೆ ತೂಕ, 49 ಸಿಸಿ ಎಂಜಿನ್, ಒಬ್ಬರಿಗೆ ಮಾತ್ರ ಜಾಗ. ರಿವರ್ಸ್ ಗೇರ್ ಇಲ್ಲ. ಹಿಂದೆ ಒಂದು ಹಿಡಿ ಇದೆ, ಅದನ್ನು ಹಿಡಿದು ಎಳೆದು ತಿರುಗಿಸಿಕೊಳ್ಳಬೇಕು. ಬಸ್ಸಲ್ಲಿ ಅಡ್ಡಡ್ಡ ನಿಲ್ಲಿಸಿದರೂ ಆರಾಮಾಗಿ ಹಿಡಿಯುತ್ತದೆ. ಆದರೆ ಇಬ್ಬರು ಹೋಗಲಾಗದ ಕಾರನ್ನು ಹೊತ್ತು ತಿರುಗುವ ಬದಲು ಒಂದು ಸ್ಕೂಟರ್ ಇಟ್ಟುಕೊಳ್ಳಬಹುದು, ಅದರಲ್ಲಿ ಹಿಂದೆ ಒಬ್ಬರು ಕೂರಬಹುದು.

ಬಿಎಂಡಬ್ಲ್ಯು ಇಸೆಟ್ಟಾ 2.29 ಮೀಟರ್ ಉದ್ದ, 1.38 ಅಗಲ, ತೂಕ ಸುಮಾರು 350 ಕೆಜಿ. ಇದಕ್ಕೆ ಬಾಗಿಲು ಮುಂದೆ. ಇಡೀ ಮೂತಿಯೇ ಬಾಗಿಲಿನ ಹಾಗೆ ತೆರೆಯುತ್ತದೆ, ಸ್ಟೀರಿಂಗ್ ಕೂಡ ಅದರ ಜೊತೆಗೇ ಆಚೆ ವಾಲುತ್ತದೆ. ಈಗ ಇದನ್ನು ಬಸ್ಸೊಳಗೆ ನೇರವಾಗಿ ನುಗ್ಗಿಸಿ ಒಳಗೋಡೆಗೆ ಮೂತಿ ತಾಗಿಸಿದರೆ ನೀವು ಇಳಿಯುವುದು ಹೇಗೆ? ಇಳಿಯುವಂತಿಲ್ಲ. ತುರ್ತಿಗೆ ಅಂತ ಬಟ್ಟೆಯ ಸನ್‌ರೂಫ್ ಇದೆ, ಆದರೆ ಅದರ ಮೇಲೆ ನಿಮ್ಮದೇ ಮಂಚ! ಹಾಗಾಗಿ ಇಸೆಟ್ಟಾ ರಿವರ್ಸಲ್ಲೇ ಹತ್ತಬೇಕು.

ಇದು ತಮಾಷೆಯಾಗಿ ಕಂಡರೂ ಹೆಚ್ಚಿನ ಯೋಜನೆಗಳು ಎಡವುವುದು ಇಲ್ಲೇ. ಕಾರು ಹಿಡಿಯುತ್ತದೆ, ಓಡಿಸಿದವರು ಹೊರಗೆ ಬರಲು ಆಗುವುದಿಲ್ಲ. ರೆನೊ ಟ್ವಿಝಿ ನೋಡಿ. 2.34 ಮೀಟರ್ ಉದ್ದ, 1.24 ಅಗಲ, ಒಬ್ಬರ ಹಿಂದೆ ಒಬ್ಬರು ಕೂರುವ ಕರೆಂಟಿನ ಗಾಡಿ. ಎಲ್ಲ ಸರಿ ಅನ್ನುವಷ್ಟರಲ್ಲಿ ಅದರ ಬಾಗಿಲು ಕತ್ತರಿಯ ಹಾಗೆ ಮೇಲಕ್ಕೆ ಏಳುತ್ತದೆ. ಬಾಗಿಲು ಬಿಚ್ಚಿಟ್ಟರೆ ಆಯಿತು ಅನ್ನಿ. ಮೆಸರ್‌ಶ್ಮಿಟ್ ಕೆಆರ್200ಗೆ ಗಾಜಿನ ಗುಮ್ಮಟವೇ ಬಾಗಿಲು, ಇಡಿಯಾಗಿ ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಅದಕ್ಕೂ ಮೇಲೆ ಜಾಗ ಬೇಕು. ಪಕ್ಕಕ್ಕೆ ತೆರೆಯುವ ಬಾಗಿಲಿನ ಅಮಿಯೇ ವಾಸಿ. 1.39 ಮೀಟರ್ ಅಗಲದ ಅದನ್ನು ನಡುಮಧ್ಯೆ ನಿಲ್ಲಿಸಿದರೆ ಎರಡೂ ಪಕ್ಕ 45 ಸೆಂ.ಮೀ. ಸಿಗುತ್ತದೆ, ತೆಳ್ಳಗಿದ್ದವರು ನುಸುಳಬಹುದು. ಒಂದೇ ಪಕ್ಕಕ್ಕೆ ಒತ್ತಿ ನಿಲ್ಲಿಸಿದರೆ ಯಾರು ಬೇಕಾದರೂ ಇಳಿಯಬಹುದು. ನನ್ನ ಮಟ್ಟಿಗೆ ಸರಿಯಾದ ದಾರಿ ವಿಂಚ್, ಅಂದರೆ ಹಗ್ಗ ಸುತ್ತಿಕೊಂಡು ಎಳೆಯುವ ಮೋಟಾರು. ಕಾರಿನಲ್ಲಿ ಯಾರೂ ಕೂರುವುದೇ ಬೇಡ. ಹೊರಗೆ ನಿಂತು ಬಟನ್ ಒತ್ತಿ ಎಳೆಸಿಕೊಂಡರೆ ಇಳಿಯುವ ಪ್ರಶ್ನೆಯೇ ಬರುವುದಿಲ್ಲ.

ಕೆಆರ್200 ಹೆಸರು ಬಂತಲ್ಲ, ಬರೀ ಕಾಗದದ ಮೇಲೆ ನೋಡಿದರೆ ಗೆಲ್ಲುವುದು ಅದೇ. ವಿಮಾನ ಮಾಡುತ್ತಿದ್ದ ಕಂಪನಿಗೆ ಯುದ್ಧದ ನಂತರ ವಿಮಾನ ಮಾಡಬಾರದು ಅಂತ ಕಟ್ಟು ಹಾಕಿದ್ದ ಕಾಲದಲ್ಲಿ, 1955ರಲ್ಲಿ ಹೊರಬಂದ ಕಾರು. 1.2 ಮೀಟರ್ ಎತ್ತರ, 1.22 ಅಗಲ, 230 ಕೆಜಿ. ಅದರ ರಿವರ್ಸ್ ವ್ಯವಸ್ಥೆ ಕೇಳಿದರೆ ನಗು ಬರುತ್ತದೆ. ಟೂ ಸ್ಟ್ರೋಕ್ ಎಂಜಿನ್ನನ್ನು ಆಫ್ ಮಾಡಿ ಉಲ್ಟಾ ತಿರುಗುವ ಹಾಗೆ ಸ್ಟಾರ್ಟ್ ಮಾಡಬೇಕು. ಆಗ ಮುಂದಕ್ಕೆ ಇದ್ದ ನಾಲ್ಕೂ ಗೇರು ಹಿಂದಕ್ಕೂ ಸಿಗುತ್ತವೆ. ಆದರೆ ಇವತ್ತು ಅದು ಸಂಗ್ರಹಕಾರರ ಒಡವೆ. ಅಂಥದ್ದನ್ನು ಬೆಲ್ಟ್ ಬಿಗಿದು ಗುಂಡಿ ರಸ್ತೆಯಲ್ಲಿ ಕುಲುಕಾಡಿಸುವ ಧೈರ್ಯ ನನಗಂತೂ ಇಲ್ಲ.

ಸ್ಮಾರ್ಟ್ ಕಂಪನಿಯ 1998ರ ಮೊದಲ ಕಾರು 2.5 ಮೀಟರ್ ಉದ್ದ, ಆದರೆ 1.55 ಎತ್ತರ, 700 ಕೆಜಿ ದಾಟುತ್ತದೆ. ನ್ಯಾನೊ 3.1 ಮೀಟರ್ ಉದ್ದ, 1.65 ಎತ್ತರ. ಬಜಾಜ್ ಕ್ಯೂಟ್ 2.75 ಮೀಟರಿಗೆ ಮುಗಿಯುತ್ತದೆ, ಎತ್ತರ ಮಾತ್ರ ನ್ಯಾನೊದಷ್ಟೇ. ಜಪಾನಿನಲ್ಲಿ ಕೇ ಅನ್ನುವ ಪುಟ್ಟ ಕಾರುಗಳ ವರ್ಗಕ್ಕೆ ಕಾನೂನೇ 3.4 ಮೀಟರ್ ಉದ್ದ, 1.48 ಅಗಲ ಅಂತ ಗೆರೆ ಹಾಕಿದೆ. ಅವುಗಳಲ್ಲಿ ಹೋಂಡಾ ಬೀಟ್, ಸುಜುಕಿ ಕ್ಯಾಪುಚಿನೊ ಥರದವು 1.2 ಮೀಟರಿಗಿಂತ ಕುಳ್ಳು. ಮಂಚ ಅಲ್ಲಾಡಿಸದೆ ಮೇಲೆ ಮಲಗಬಹುದು. ಉದ್ದ ಮಾತ್ರ 3.3 ಮೀಟರ್ ಬಿಟ್ಟುಕೊಡಬೇಕು.

ಏರಿಸುವ ಮಾತಿಗೆ ಬರೋಣ. ಬಸ್ಸಿನ ನೆಲ ರಸ್ತೆಯಿಂದ ಒಂದು ಮೀಟರ್ ಮೇಲಿದೆ ಅನ್ನಿ. 3 ಮೀಟರ್ ಉದ್ದದ ರ‍್ಯಾಂಪ್ ಹಾಕಿದರೆ ಇಳಿಜಾರು ಸುಮಾರು 19 ಡಿಗ್ರಿ. 500 ಕೆಜಿ ಕಾರನ್ನು ಅದರ ಮೇಲೆ ಎಳೆಯಲು 165 ಕೆಜಿಯಷ್ಟು ಬಲ ಬೇಕು. ವಿಂಚಿಗೆ ಇದು ಏನೇನೂ ಅಲ್ಲ. ಕಷ್ಟ ಇರುವುದು ರ‍್ಯಾಂಪ್ ಮುಗಿದು ಬಸ್ಸಿನ ನೆಲ ಶುರುವಾಗುವ ಅಂಚಿನಲ್ಲಿ. ಮುಂದಿನ ಚಕ್ರ ಒಳಗೆ, ಹಿಂದಿನದು ಇಳಿಜಾರಿನಲ್ಲಿ, ಹೊಟ್ಟೆ ಅಂಚಿಗೆ ತಾಗಿ ಕಾರು ಅಲ್ಲೇ ಕೂತುಬಿಡುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಕಡಿಮೆ ಇದ್ದಷ್ಟೂ ಒಳ್ಳೆಯದು. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ, 15 ಸೆಂ.ಮೀ. ಇದ್ದರೆ, 1.5 ಮೀಟರ್ ವೀಲ್‌ಬೇಸಿನ ಇಸೆಟ್ಟಾ 22 ಡಿಗ್ರಿ ಇಳಿಜಾರನ್ನೂ ದಾಟುತ್ತದೆ. ಆ ಅಂತರ 2 ಮೀಟರ್ ಇರುವ ಹಳೇ ಮಿನಿ ಕಾರಿಗೆ 17 ಡಿಗ್ರಿಯೇ ಗಡಿ. ಹಾಗಾಗಿ ಅದಕ್ಕೆ 3 ಮೀಟರ್ ರ‍್ಯಾಂಪ್ ಸಾಲದು, 4 ಮೀಟರ್ ಬೇಕು. ಆ 4 ಮೀಟರ್ ಹಲಗೆಗಳನ್ನು ಎಲ್ಲಿಡುತ್ತೀರಿ ಅನ್ನುವುದು ಬೇರೆ ತಲೆನೋವು. ಬಸ್ಸಿಗೆ ಏರ್ ಸಸ್ಪೆನ್ಷನ್ ಇದ್ದರೆ ಗಾಳಿ ಬಿಟ್ಟು ಹಿಂಭಾಗ ತಗ್ಗಿಸಿಕೊಳ್ಳಿ. ಇಲ್ಲದಿದ್ದರೆ ದಿಬ್ಬ ನೋಡಿ ಅದರ ಕಡೆಗೆ ಬೆನ್ನು ಮಾಡಿ ನಿಲ್ಲಿಸಿ.

ತೂಕದ ಲೆಕ್ಕವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಬಸ್ಸಿನ ವೀಲ್‌ಬೇಸ್ 6 ಮೀಟರ್, ಕಾರು ಹಿಂದಿನ ಚಕ್ರಗಳ ಅಚ್ಚಾದ ಆಕ್ಸಲ್‌ನಿಂದ ಎರಡೂವರೆ ಮೀಟರ್ ಆಚೆ ನಿಂತಿದೆ ಅಂದುಕೊಳ್ಳಿ. 500 ಕೆಜಿ ಕಾರು ಹಿಂದಿನ ಆಕ್ಸಲ್ ಮೇಲೆ ಹಾಕುವ ಭಾರ 500 ಅಲ್ಲ, 700 ಕೆಜಿ ಮೀರುತ್ತದೆ. ಆ ಹೆಚ್ಚಿನ 200 ಕೆಜಿ ಎಲ್ಲಿಂದ ಬಂತು? ಮುಂದಿನ ಆಕ್ಸಲ್‌ನಿಂದ. ಮುಂದಿನ ಚಕ್ರ ಅಷ್ಟು ಹಗುರ, ಸ್ಟೀರಿಂಗ್ ಹಿಡಿತ ಅಷ್ಟು ಸಡಿಲ. ನೀರಿನ ಟ್ಯಾಂಕು, ಬ್ಯಾಟರಿಗಳನ್ನು ಮುಂದಿಟ್ಟು ಸರಿದೂಗಿಸಬೇಕು. ಆಮೇಲೆ ಲಾರಿ ತೂಗುವ ವೇಬ್ರಿಜ್ ಮೇಲೆ ಒಂದೊಂದೇ ಆಕ್ಸಲ್ ನಿಲ್ಲಿಸಿ ನೋಡಬೇಕು. ಜರ್ಮನಿಯ ವೋಲ್ಕ್ನರ್ ಮೊಬಿಲ್ ಕಂಪನಿ ತನ್ನ ಐಷಾರಾಮಿ ಬಸ್ ಮನೆಗಳಲ್ಲಿ ಕಾರನ್ನು ಎರಡು ಆಕ್ಸಲ್‌ಗಳ ನಡುವೆ, ಹೊಟ್ಟೆಯ ಭಾಗದಲ್ಲಿ, ಪಕ್ಕಕ್ಕೆ ಜಾರುವ ತಟ್ಟೆಯ ಮೇಲೆ ಇಡುತ್ತದೆ. ನೋಡುವವರಿಗೆ ಶೋಕಿ ಅನ್ನಿಸಬಹುದು, ಆದರೆ ಭಾರ ಇರಬೇಕಾದ ಸರಿಯಾದ ಜಾಗವೇ ಅದು. ಮನೆಯಲ್ಲಿ ಕೂತು ಮಾಡುವ ಕೆಲಸವಂತೂ ಅಲ್ಲ.

ಬಸ್ಸೊಳಗೆ ಕಾರನ್ನು ಕಟ್ಟಿಹಾಕುವಾಗ ಬೆಲ್ಟನ್ನು ಚಕ್ರಕ್ಕೇ ಬಿಗಿಯಿರಿ, ಕಾರಿನ ಮೈಗೆ ಬೇಡ. ಮೈಗೆ ಬಿಗಿದರೆ ಸಸ್ಪೆನ್ಷನ್ ಕುಣಿದಂತೆಲ್ಲ ಬೆಲ್ಟ್ ಸಡಿಲ ಆಗುತ್ತದೆ.

ಈಗ ನಾವೇ ಕಾರು ಕಟ್ಟುವ ವಿಷಯ. ಪೈಪ್ ಫ್ರೇಮು, ಸ್ಕೂಟರ್ ಎಂಜಿನ್ನು, ನಾಲ್ಕು ಚಿಕ್ಕ ಚಕ್ರ. ಕೈ ಚಳಕ ಇರುವವರಿಗೆ ಇದಕ್ಕಿಂತ ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ. ಎತ್ತರ, ಉದ್ದ ಎಲ್ಲ ನಮ್ಮ ಕೈಯಲ್ಲಿ. ಮಡಚುವ ಕಾರಿನ ಕನಸಂತೂ ಹಳೆಯದು. 1991ರಲ್ಲಿ ಮಜ್ದಾ ಎಂಜಿನಿಯರುಗಳು ದೊಡ್ಡ ಸೂಟ್‌ಕೇಸಿನೊಳಗೆ ಹಿಡಿಯುವ ಗಾಡಿಯನ್ನೇ ಮಾಡಿ ತೋರಿಸಿದರು. 2013ರಲ್ಲಿ ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆ 2.8 ಮೀಟರ್ ಕಾರು 1.65 ಮೀಟರಿಗೆ ಮಡಚಿಕೊಳ್ಳುವುದನ್ನು ತೋರಿಸಿತು. ಎರಡೂ ಅಂಗಡಿಗೆ ಬರಲಿಲ್ಲ. ಮಾಡಿ ತೋರಿಸುವುದು ಬೇರೆ, ರಸ್ತೆಗೆ ಇಳಿಸುವುದು ಬೇರೆ. ನಾವು ಕಟ್ಟಿದ ಗಾಡಿಗೂ ನಂಬರ್ ಪ್ಲೇಟ್ ಬೇಕು, ವಿಮೆ ಬೇಕು. ಬ್ರಿಟನ್ನಿನಲ್ಲಿ ಒಂದೊಂದೇ ಗಾಡಿಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಪದ್ಧತಿ ಇದೆ. ಅಮೆರಿಕದಲ್ಲಿ ಕಡಿಮೆ ವೇಗದ ಗಾಡಿ ಅಂತ 1998ರಿಂದ ಒಂದು ವರ್ಗವೇ ಇದೆ, ವೇಗ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ. ಬಸ್ ಮನೆಯವರ ಪಾಡು ಇನ್ನೂ ಕಷ್ಟ. ಒಂದು ಕಡೆ ಒಪ್ಪಿದ್ದನ್ನು ಗಡಿ ದಾಟಿದ ಮೇಲೆ ಇನ್ನೊಂದು ಕಡೆ ಒಪ್ಪುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ. ಅದಕ್ಕೇ ನಾನು, ಈಗಾಗಲೇ ಕಾಗದಪತ್ರ ಇರುವ ಕಾರನ್ನೇ ತಂದು ಬೇಕಾದರೆ ಸೀಟು, ಬಾಗಿಲು ಬದಲಾಯಿಸಿಕೊಳ್ಳಿ ಅನ್ನುವ ಪಕ್ಷದವನು.

ಕೊನೆಯದಾಗಿ ಪೆಟ್ರೋಲು. ಇದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಕೂರುತ್ತದೆ. ಅದೇ ನೆಲದ ಮೇಲೆ, ಅದೇ ಕೋಣೆಯಲ್ಲಿ, ಗ್ಯಾಸ್ ಒಲೆ ಅಥವಾ ಗ್ಯಾಸ್ ಫ್ರಿಜ್‌ನ ಉರಿ ಇರುತ್ತದೆ. ಪೆಟ್ರೋಲ್ ಕಾರೇ ಬೇಕು ಅಂದರೆ ಕಾರಿಗೂ ಮನೆಗೂ ನಡುವೆ ಒಂದು ಕೂದಲೂ ನುಸುಳದ ಗೋಡೆ ಬೇಕು, ಕಾರಿನ ಕಡೆ ನೆಲದ ಮಟ್ಟದಲ್ಲೇ ಹೊರಗೆ ತೆರೆದ ಕಿಂಡಿ ಬೇಕು. ಇದಕ್ಕೆ ಹೋಲಿಸಿದರೆ ಕರೆಂಟಿನ ಕಾರು ಹತ್ತು ಪಾಲು ವಾಸಿ. ಲಿಥಿಯಂ ಬ್ಯಾಟರಿಗೂ ಬೆಂಕಿಯ ಭಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ದಿನವೂ ಆವಿ ಬಿಡುತ್ತಾ ಕೂರುವುದಿಲ್ಲ. ಅಮಿಯ ಬ್ಯಾಟರಿ 5.5 ಯೂನಿಟ್ ಕರೆಂಟ್ ಹಿಡಿಯುತ್ತದೆ, ಅಷ್ಟಕ್ಕೆ 75 ಕಿ.ಮೀ. ಓಡುತ್ತದೆ ಅಂತ ಕಂಪನಿಯ ಲೆಕ್ಕ. ಬಸ್ಸಿನ ತಲೆಯ ಮೇಲೆ ಒಂದು ಕಿಲೋವ್ಯಾಟ್ ಸೋಲಾರ್ ಇದ್ದರೆ ಒಳ್ಳೆಯ ಬಿಸಿಲಿನ ಒಂದು ದಿನದಲ್ಲಿ ಅದರ ಹೆಚ್ಚಿನ ಪಾಲು ತುಂಬಿಕೊಳ್ಳುತ್ತದೆ. ಮೋಡ ಕವಿದಿದ್ದರೆ ಆ ದಿನ ಕಾರು ಬಸ್ಸೊಳಗೇ ಇರಲಿ, ಮನೆಯ ದೀಪಕ್ಕೂ ಅದೇ ಕರೆಂಟ್ ತಾನೇ ಬೇಕಿರುವುದು.